ಓವನ್ ಇಲ್ಲದ ಮನೆಯ ಕ್ರಿಸ್ಮಸ್ ಪುಡಿಂಗ್

ಡಿಸೆಂಬರ್ ಬಂದರೆ ಬೆಂಗಳೂರಿನ ಬೇಕರಿಗಳ ಗಾಜಿನ ಕಪಾಟಿನಲ್ಲಿ ಪ್ಲಮ್ ಕೇಕ್ ಬಂದು ಕೂರುತ್ತದೆ. ಇಲ್ಲಿರುವವರಲ್ಲಿ ಅದನ್ನು ತಿನ್ನದವರು ಕಡಿಮೆ ಅಂತ ನನ್ನ ಅಂದಾಜು. ಇವತ್ತಿನ ಮಾತು ಅದರ ಹತ್ತಿರದ ನೆಂಟನ ಬಗ್ಗೆ. ಇಂಗ್ಲೆಂಡಿನವರು ಹಬ್ಬದೂಟದ ಕೊನೆಗೆ ತಿನ್ನುವ ಕ್ರಿಸ್ಮಸ್ ಪುಡಿಂಗ್. ಎರಡಕ್ಕೂ ಬೇಕಾದ ಸಾಮಾನು ಹೆಚ್ಚುಕಡಿಮೆ ಒಂದೇ. ಒಣದ್ರಾಕ್ಷಿ, ಕಂದು ಸಕ್ಕರೆ, ಮಸಾಲೆ, ಮೊಟ್ಟೆ, ಒಂದಿಷ್ಟು ಬ್ರಾಂಡಿಯೋ ರಮ್ಮೋ. ಆದರೆ ಕೇಕ್ ಬೇಯುವುದು ಓವನ್ನಿನಲ್ಲಿ, ಪುಡಿಂಗ್ ಬೇಯುವುದು ಕುದಿನೀರಿನಲ್ಲಿ ಇಲ್ಲವೇ ಹಬೆಯಲ್ಲಿ. ಅದೂ ಆರು ಗಂಟೆ, ಎಂಟು ಗಂಟೆ.

ಪುಡಿಂಗ್ ಅಂದರೆ ನಮಗೆ ನೆನಪಾಗುವುದು ಹಾಲಿನದು, ಬಟ್ಟಲಲ್ಲಿ ಅಲ್ಲಾಡುವಂಥದ್ದು. ಇದು ಹಾಗಿಲ್ಲ. ಬಣ್ಣ ಬಹುಪಾಲು ಕಪ್ಪು. ಕೈಯಲ್ಲಿ ಎತ್ತಿದರೆ ಭಾರ. ಬಟ್ಟಲನ್ನು ಬೋರಲು ಹಾಕಿದ ಆಕಾರ, ಹಳೆಯ ಚಿತ್ರಗಳಲ್ಲಾದರೆ ಪೂರ್ತಿ ಗುಂಡು. ನೆತ್ತಿಯ ಮೇಲೆ ಹಾಲಿ ಎಂಬ ಮುಳ್ಳೆಲೆಯ ಗಿಡದ ಒಂದು ಚಿಗುರು. ಮೇಲೆ ಬ್ರಾಂಡಿ ಸುರಿದು ಬೆಂಕಿ ಹಚ್ಚಿ ಮೇಜಿಗೆ ತರುತ್ತಾರೆ. ಮೊದಲ ಸಲ ನೋಡಿದವರಿಗೆ ಇದೇನು ಊಟವೋ ಜಾದೂವೋ ಅನ್ನಿಸಬೇಕು.

ನಾನು ಹೇಳಬೇಕು ಅಂದುಕೊಂಡಿರುವ ವಿಷಯ ಒಂದೇ. ಇದು ಓವನ್ ಇಲ್ಲದವರು ಕಂಡುಕೊಂಡ ಅಡುಗೆ. ಇದರ ಆಕಾರ, ಬಣ್ಣ, ಬೇಯುವ ಹೊತ್ತು, ತಿಂಗಳುಗಟ್ಟಲೆ ಕೆಡದೆ ಉಳಿಯುವ ಗುಣ, ಎಲ್ಲದರ ಬೇರೂ ಆ ಕೊರತೆಯಲ್ಲೇ ಇದೆ. ಹಬ್ಬ, ಧರ್ಮ, ರಾಜರ ಕಥೆಗಳೆಲ್ಲ ಆಮೇಲೆ ಬಂದು ಅಂಟಿಕೊಂಡವು.

ಹಳೆಯ ಇಂಗ್ಲೆಂಡಿನ ಸಾಮಾನ್ಯ ಮನೆಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಒಂದು ಒಲೆಗೂಡು, ಅದರ ಮೇಲೆ ನೇತುಹಾಕಿದ ಒಂದು ದೊಡ್ಡ ಕಬ್ಬಿಣದ ಪಾತ್ರೆ. ಅಷ್ಟೇ ಅಡುಗೆಮನೆ. ಓವನ್ ಕಟ್ಟಿಸಲು ಇಟ್ಟಿಗೆ ಬೇಕು, ಜಾಗ ಬೇಕು, ಕಾಯಿಸಲು ರಾಶಿ ಸೌದೆ ಬೇಕು. ಅದು ಇದ್ದದ್ದು ಸಿರಿವಂತರ ಮನೆಯಲ್ಲಿ, ಇಲ್ಲವೇ ಊರಿನ ಬೇಕರಿಯಲ್ಲಿ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’ ಓದಿದವರಿಗೆ ಬಡ ಗುಮಾಸ್ತ ಕ್ರ್ಯಾಚಿಟ್‌ನ ಮನೆಯ ಹಬ್ಬದೂಟ ನೆನಪಿರಬಹುದು. ಅಲ್ಲಿ ಬಾತುಕೋಳಿ ಬೇಯುವುದು ಬೇಕರಿಯಲ್ಲಿ. ಮಕ್ಕಳು ಹೋಗಿ ತರುತ್ತಾರೆ. ಪುಡಿಂಗ್ ಮಾತ್ರ ಮನೆಯಲ್ಲೇ, ಬಟ್ಟೆ ಒಗೆಯಲು ನೀರು ಕಾಯಿಸುವ ತಾಮ್ರದ ಹಂಡೆಯಲ್ಲಿ ಕುದಿಯುತ್ತದೆ. ಮುಚ್ಚಳ ತೆಗೆದಾಗ ಒಗೆತದ ದಿನದ ವಾಸನೆ ಬರುತ್ತದೆ ಅಂತ ಡಿಕನ್ಸ್ ಬರೆಯುತ್ತಾನೆ. ಸುಮ್ನೆ ತಮಾಷೆಗೆ ಬರೆದದ್ದಲ್ಲ ಅದು. ಬಿಸಿನೀರಲ್ಲಿ ನೆಂದ ಬಟ್ಟೆಯ ವಾಸನೆಯೇ ಅದು. ಯಾಕೆಂದರೆ ಪುಡಿಂಗನ್ನು ಕಟ್ಟುತ್ತಿದ್ದದ್ದು ಬಟ್ಟೆಯಲ್ಲಿ.

ಈ ಬಟ್ಟೆಯೇ ಕಥೆಯ ಮುಖ್ಯ ಪಾತ್ರ. ಅದಕ್ಕಿಂತ ಮೊದಲು ಪುಡಿಂಗ್ ಅಂದರೆ ಪ್ರಾಣಿಯ ಕರುಳಿನಲ್ಲೋ ಹೊಟ್ಟೆಯ ಚೀಲದಲ್ಲೋ ತುಂಬಿ ಬೇಯಿಸುವ ಪದಾರ್ಥ. ಸ್ಕಾಟ್‌ಲೆಂಡಿನ ಹ್ಯಾಗಿಸ್ ಸಂಪ್ರದಾಯದಂತೆ ಹಾಗೆಯೇ ಮಾಡುವಂಥದ್ದು. ಅದರಲ್ಲಿ ಒಂದು ತೊಡಕಿತ್ತು. ಪ್ರಾಣಿ ಕಡಿದಾಗ ಮಾತ್ರ ಕರುಳು ಸಿಗುತ್ತದೆ. 17ನೇ ಶತಮಾನದ ಆರಂಭದ ಹೊತ್ತಿಗೆ ಒಂದು ಚೌಕ ಬಟ್ಟೆ ಆ ಕೆಲಸಕ್ಕೆ ಬಂತು. ಆಮೇಲೆ ಯಾವ ದಿನ ಬೇಕಾದರೂ, ಎಷ್ಟು ದೊಡ್ಡದು ಬೇಕಾದರೂ ಪುಡಿಂಗ್ ಮಾಡಬಹುದಾಯಿತು. ಹಲಸಿನ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹುಯ್ದು ಕಡುಬು ಬೇಯಿಸುವವರಿಗೆ ಈ ಉಪಾಯ ತಕ್ಷಣ ಅರ್ಥವಾಗುತ್ತದೆ, ಅಲ್ವಾ? ಹಿಟ್ಟಿಗೆ ಆಕಾರ ಕೊಡಲು, ನೀರಿನಿಂದ ಕಾಯಲು ಏನಾದರೊಂದು ಹೊದಿಕೆ ಬೇಕು.

ಆ ಬಟ್ಟೆ ಕಟ್ಟುವುದಕ್ಕೂ ಒಂದು ಕೈಗುಣ ಇತ್ತು. ಮೊದಲು ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಹಿಂಡಬೇಕು. ಹರವಿ, ಮೇಲೆ ಒಣ ಹಿಟ್ಟು ಉದುರಿಸಬೇಕು. ಬಿಸಿ ತಗುಲಿದಾಗ ಆ ಹಿಟ್ಟು ಅಂಟಾಗಿ, ಪುಡಿಂಗಿನ ಸುತ್ತ ತೆಳುವಾದ ಒಂದು ಚರ್ಮ ಕಟ್ಟುತ್ತದೆ. ನೀರು ಒಳಗೆ ಹೋಗುವುದಿಲ್ಲ, ಸಕ್ಕರೆ ಹೊರಗೆ ಬರುವುದಿಲ್ಲ. ಕಲಸಿದ್ದನ್ನು ನಡುವೆ ಇಟ್ಟು ನಾಲ್ಕು ಮೂಲೆ ಎತ್ತಿ ದಾರದಿಂದ ಬಿಗಿಯಬೇಕು. ತೀರಾ ಬಿಗಿ ಕಟ್ಟಿದರೆ ಉಬ್ಬಲು ಜಾಗವಿಲ್ಲದೆ ಕಲ್ಲಾಗುತ್ತದೆ. ಸಡಿಲ ಕಟ್ಟಿದರೆ ನೀರು ಕುಡಿದು ಗಂಜಿಯಾಗುತ್ತದೆ. ಪಾತ್ರೆಯ ತಳಕ್ಕೆ ಒಂದು ತಟ್ಟೆ ಇಡಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಗಂಟು ಇಳಿಸುವಾಗ ನೀರು ಕುದಿಯುತ್ತಲೇ ಇರಬೇಕು. ನೀರು ಕಡಿಮೆಯಾದಂತೆ ಮೇಲೆ ಹಾಕುವುದೂ ಕುದಿನೀರೇ. ತಣ್ಣೀರು ಬಿದ್ದರೆ ಕುದಿ ನಿಲ್ಲುತ್ತದೆ, ಚರ್ಮ ಬಿಡುತ್ತದೆ.

ಇನ್ನೊಂದು ಲಾಭವನ್ನು ಮರೆಯಬಾರದು. ಅದೇ ಪಾತ್ರೆಯಲ್ಲಿ ಮಾಂಸ ಬೇಯುತ್ತಿರುತ್ತದೆ, ತರಕಾರಿ ಬೇಯುತ್ತಿರುತ್ತದೆ. ಪಕ್ಕದಲ್ಲಿ ಪುಡಿಂಗಿನ ಗಂಟು ತೇಲುತ್ತಿರುತ್ತದೆ. ಒಂದು ಬೆಂಕಿ, ಒಂದು ಪಾತ್ರೆ, ಪೂರ್ತಿ ಊಟ. ಸೌದೆಗೆ ದುಡ್ಡು ಕೊಡುವವರಿಗೆ ಇದರ ಬೆಲೆ ಗೊತ್ತಿರುತ್ತದೆ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಮಿಸ್ಸೋನ್ ಎಂಬ ಫ್ರೆಂಚ್ ಬರಹಗಾರ, ಪುಡಿಂಗ್ ಕಂಡುಹಿಡಿದ ಪುಣ್ಯಾತ್ಮನನ್ನು ಬಾಯ್ತುಂಬ ಹರಸಿದ್ದಾನೆ. ಫ್ರೆಂಚರು ಇಂಗ್ಲಿಷರ ಅಡುಗೆಯನ್ನು ಹೊಗಳಿದ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ. ಅದಕ್ಕೇ ಹೇಳಿದೆ.

ಹಾಗಾದರೆ ಇದರೊಳಗೆ ಒಣದ್ರಾಕ್ಷಿ ಹೇಗೆ ಬಂತು? ಅದಕ್ಕೆ ಇನ್ನೂ ಹಿಂದೆ ಹೋಗಬೇಕು. ಮಧ್ಯಯುಗದಲ್ಲಿ ಹಬ್ಬಕ್ಕೆ ಒಂದು ಗಂಜಿ ಮಾಡುತ್ತಿದ್ದರು. ದನದ ಅಥವಾ ಕುರಿಯ ಮಾಂಸದ ಸಾರು, ಅದಕ್ಕೆ ಬ್ರೆಡ್ಡಿನ ಪುಡಿ, ಒಣಹಣ್ಣು, ಮಸಾಲೆ, ವೈನ್. ಸಿಹಿ, ಖಾರ, ಮಾಂಸ ಎಲ್ಲ ಒಂದೇ ಬಟ್ಟಲಲ್ಲಿ. ಅದನ್ನು ಊಟದ ಮೊದಲಿಗೇ ಬಡಿಸುತ್ತಿದ್ದರು. ಸಿಹಿ ಅಂದರೆ ಕೊನೆಗೆ ಎಂಬ ಕಟ್ಟಳೆ ಆಗ ಇರಲಿಲ್ಲ. ಶತಮಾನಗಳು ಉರುಳಿದಂತೆ ಗಂಜಿ ಗಟ್ಟಿಯಾಯಿತು, ಬಟ್ಟೆಯೊಳಗೆ ಹೋಯಿತು, ಮಾಂಸ ಮೆಲ್ಲಗೆ ಬಿಟ್ಟುಹೋಯಿತು. ಆದರೆ ಪೂರ್ತಿ ಹೋಗಲಿಲ್ಲ. ಕೊಬ್ಬು ಉಳಿದುಕೊಂಡಿತು.

ಆ ಕೊಬ್ಬಿನ ಹೆಸರು ಸೂಯೆಟ್. ದನ ಅಥವಾ ಕುರಿಯ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಬಿಳಿ ಕೊಬ್ಬು. ಸಸ್ಯಾಹಾರಿಗಳು ಮುಖ ಗಂಟಿಕ್ಕುತ್ತಿದ್ದೀರಿ, ಕಾಣಿಸುತ್ತಿದೆ. ಸ್ವಲ್ಪ ತಾಳಿ, ಅದಕ್ಕೂ ದಾರಿ ಇದೆ. ಮೊದಲು ಅದು ಮಾಡುವ ಕೆಲಸ ಹೇಳುತ್ತೇನೆ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಗೆ ಕರಗುತ್ತದೆ. ಸೂಯೆಟ್ ಕರಗಲು 45ರಿಂದ 50 ಡಿಗ್ರಿ ಬೇಕು. ಬರೀ ಹದಿನೈದು ಡಿಗ್ರಿ ವ್ಯತ್ಯಾಸ. ಆದರೆ ಇಡೀ ಪುಡಿಂಗ್ ನಿಂತಿರುವುದು ಅದರ ಮೇಲೆ. ಹಬೆಯ ಬಿಸಿ ಹೊರಗಿನಿಂದ ಒಳಗೆ ನಿಧಾನವಾಗಿ ಇಳಿಯುತ್ತದೆ. ಬೆಣ್ಣೆಯಾದರೆ ಹಿಟ್ಟು ಇನ್ನೂ ಹಸಿಯಾಗಿರುವಾಗಲೇ ಕರಗಿ ಅದರಲ್ಲಿ ಬೆರೆತುಬಿಡುತ್ತದೆ. ಸೂಯೆಟ್ಟಿನ ಚೂರುಗಳು ಹಿಟ್ಟು ಬಿಗಿಯಲು ಶುರುವಾಗುವ ತನಕ ಗಟ್ಟಿಯಾಗಿಯೇ ಕೂತಿರುತ್ತವೆ. ಆಮೇಲೆ ಕರಗುತ್ತವೆ. ಕರಗಿದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತದೆ. ಇಷ್ಟೊಂದು ಹಣ್ಣು, ಸಕ್ಕರೆ ತುಂಬಿದ ಮುದ್ದೆ ಬಾಯಲ್ಲಿ ಇಟ್ಟಿಗೆಯಂತೆ ಆಗದಿರುವುದಕ್ಕೆ ಆ ತೂತುಗಳೇ ಕಾರಣ. ಹಿಟ್ಟಿನ ಜಾಗದಲ್ಲಿ ಹೆಚ್ಚಾಗಿ ಬ್ರೆಡ್ಡಿನ ಪುಡಿ ಹಾಕುವುದೂ ಇದಕ್ಕೇ. ಬರೀ ಮೈದಾ ಹಾಕಿದರೆ ಜಿಗುಟು, ಬ್ರೆಡ್ಡಿನ ಪುಡಿ ಹಾಕಿದರೆ ಹಗುರ.

ಸಸ್ಯಾಹಾರಿಗಳ ದಾರಿ ಏನೆಂದರೆ, ಇವತ್ತು ಬ್ರಿಟನ್ನಿನ ಅಂಗಡಿಗಳಲ್ಲಿ ತಾಳೆ ಎಣ್ಣೆಯಂಥ ಗಟ್ಟಿ ಸಸ್ಯಕೊಬ್ಬಿನಿಂದ ಮಾಡಿದ ಸೂಯೆಟ್ ಸಿಗುತ್ತದೆ. ಡಬ್ಬಿಯಲ್ಲಿ ಸಿಗುವ ಎಷ್ಟೋ ಪುಡಿಂಗುಗಳು ಈಗ ಅದರಿಂದಲೇ ಮಾಡಿದವು. ಮನೆಯಲ್ಲಿ ಮಾಡುವವರು ಬೆಣ್ಣೆಯನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ ತುರಿದು ಹಾಕುತ್ತಾರೆ. ಸೂಯೆಟ್ಟಿನಷ್ಟು ಹಗುರ ಬರುವುದಿಲ್ಲ. ಆದರೂ ರುಚಿಗೆ ಮೋಸ ಇಲ್ಲ.

ಇನ್ನು ಹೊತ್ತಿನ ವಿಚಾರ. ಎಂಟು ಗಂಟೆ ಯಾಕೆ? ಬೇಯುವುದಕ್ಕೇ ಆದರೆ ಎರಡು ಗಂಟೆ ಸಾಕು. ಉಳಿದ ಹೊತ್ತು ಬಣ್ಣಕ್ಕೆ, ರುಚಿಗೆ. ಓವನ್ನಿನಲ್ಲಿ 160, 180 ಡಿಗ್ರಿ ಬಿಸಿ ಇರುತ್ತದೆ. ಸಕ್ಕರೆ ಮತ್ತು ಪ್ರೋಟೀನು ಸೇರಿ ಕಂದು ಬಣ್ಣಕ್ಕೆ ತಿರುಗುವ ಕ್ರಿಯೆ ಅಲ್ಲಿ ಬೇಗ ನಡೆಯುತ್ತದೆ. ಅದಕ್ಕೇ ಕೇಕಿನ ಮೇಲ್ಮೈ ಒಂದು ಗಂಟೆಯಲ್ಲೇ ಕಂದಾಗುತ್ತದೆ. ಹಬೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಅದೇ ಕ್ರಿಯೆ ಇಲ್ಲೂ ನಡೆಯುತ್ತದೆ, ಆದರೆ ಆಮೆಯ ನಡಿಗೆಯಲ್ಲಿ. ಆದರೆ ಇಲ್ಲಿ ಅದು ಮೇಲ್ಮೈಗೆ ನಿಲ್ಲುವುದಿಲ್ಲ. ಒಳಗೆಲ್ಲ ಸಮನಾಗಿ ಹರಡುತ್ತದೆ. ಮೊದಲ ಗಂಟೆಯಲ್ಲಿ ತೆಗೆದು ನೋಡಿದರೆ ಪುಡಿಂಗ್ ತಿಳಿ ಕಂದು ಇರುತ್ತದೆ. ಎಂಟನೇ ಗಂಟೆಗೆ ಕಾಫಿ ಡಿಕಾಕ್ಷನ್ನಿನ ಬಣ್ಣ. ಹುರಿದ ಸಕ್ಕರೆಯ ಸಣ್ಣ ಕಹಿಯೂ ಅದರ ಜೊತೆ ಬರುತ್ತದೆ. ಆ ಕಹಿ ಇಲ್ಲದಿದ್ದರೆ ಇದು ತಿನ್ನಲಾರದಷ್ಟು ಸಿಹಿ.

ಹೀಗೆ ಬೆಂದದ್ದು ಬೇಗ ಕೆಡುವುದಿಲ್ಲ. ಸಕ್ಕರೆಯೂ ಒಣಹಣ್ಣೂ ಒಳಗಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಸೂಕ್ಷ್ಮಜೀವಿಗಳಿಗೆ ಸಿಗುವುದು ಕಡಿಮೆ. ಮದ್ಯವೂ ಕೈಜೋಡಿಸುತ್ತದೆ. ಅದಕ್ಕೇ ನವೆಂಬರಿನಲ್ಲಿ ಮಾಡಿ, ಹೊಸ ಬಟ್ಟೆ ಕಟ್ಟಿ, ತಂಪು ಜಾಗದಲ್ಲಿ ತೂಗುಹಾಕಿ, ಡಿಸೆಂಬರ್ 25ಕ್ಕೆ ಇಳಿಸುತ್ತಿದ್ದರು. ಆ ದಿನ ಮತ್ತೆ ಎರಡು ಗಂಟೆ ಹಬೆಯಲ್ಲಿ ಇಡಬೇಕು. ಹಳಸಿದ ಬ್ರೆಡ್ಡನ್ನು ಬಿಸಿ ಮಾಡಿದರೆ ಮೆತ್ತಗಾಗುತ್ತದಲ್ಲ, ಅದೇ ಕಾರಣ. ತಣ್ಣಗೆ ಕೂತಷ್ಟು ದಿನ ಪಿಷ್ಟ ಬಿಗಿಯುತ್ತಾ ಹೋಗುತ್ತದೆ, ಬಿಸಿ ತಗುಲಿದರೆ ಸಡಿಲವಾಗುತ್ತದೆ.

ಈಗ ಆ ಎಂಟು ಗಂಟೆ ಒಲೆಯ ಮುಂದೆ ಯಾರು ಕೂರುತ್ತಿದ್ದರು ಅಂತ ಯೋಚಿಸಿ. ಮನೆಯ ಹೆಂಗಸರು, ಇಲ್ಲವೇ ಕೆಲಸದ ಹುಡುಗಿ. ಬೆಂಕಿ ಆರಬಾರದು, ನೀರು ಇಂಗಬಾರದು. ಅದಕ್ಕೂ ಮೊದಲು ಹಣ್ಣು ಸಿದ್ಧ ಮಾಡಬೇಕು. ಆಗಿನ ದೊಡ್ಡ ಒಣದ್ರಾಕ್ಷಿಯಲ್ಲಿ ಬೀಜ ಇರುತ್ತಿತ್ತು. ಒಂದೊಂದನ್ನೂ ಸೀಳಿ ಬೀಜ ತೆಗೆಯಬೇಕು. ಕೈಯೆಲ್ಲ ಅಂಟು. ಮಕ್ಕಳನ್ನು ಸುತ್ತ ಕೂರಿಸಿ, ಬೆರಳು ಅದ್ದಲು ನಡುವೆ ನೀರಿನ ಬಟ್ಟಲು ಇಟ್ಟು ಈ ಕೆಲಸ ಮಾಡಿಸುತ್ತಿದ್ದರು. ಎಷ್ಟು ಬಾಯಿಗೆ ಹೋಗುತ್ತಿತ್ತೋ! ಸಣ್ಣ ದ್ರಾಕ್ಷಿಯನ್ನು ತೊಳೆದು, ಕಡ್ಡಿ ಆರಿಸಿ, ಒರೆಸಿ ಒಣಗಿಸಬೇಕು. ಸಕ್ಕರೆ ಗಟ್ಟಿ ಅಚ್ಚಿನಲ್ಲಿ ಬರುತ್ತಿತ್ತು, ಕುಟ್ಟಬೇಕು. ಹಬ್ಬದ ಹಿಂದಿನ ವಾರ ನಮ್ಮ ಅಜ್ಜಿಯಂದಿರ ಅಡುಗೆಮನೆ ಹೇಗಿರುತ್ತಿತ್ತು ಅನ್ನುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಬೇಕಿಲ್ಲ.

ಈ ಹಣ್ಣು ಎಲ್ಲಿಂದ ಬರುತ್ತಿತ್ತು? ಇಂಗ್ಲೆಂಡಿನ ಮಂಜಿನಲ್ಲಿ ದ್ರಾಕ್ಷಿ ಒಣಗುವ ಮಾತೇ ಇಲ್ಲ. ಸಣ್ಣ ಕಪ್ಪು ದ್ರಾಕ್ಷಿ ಗ್ರೀಸಿನಿಂದ, ಅದರ ಪಶ್ಚಿಮದ ಜಾಂಟೆ, ಕೆಫಲೋನಿಯಾ ದ್ವೀಪಗಳಿಂದ ಬರುತ್ತಿತ್ತು. ಬಿಳಿ ಸುಲ್ತಾನಾ ಸ್ಮಿರ್ನಾದಿಂದ, ಅಂದರೆ ಈಗಿನ ಟರ್ಕಿಯ ಇಜ್ಮೀರ್‌ನಿಂದ. ದೊಡ್ಡದು ಸ್ಪೇನಿನ ಮಲಗಾದಿಂದ. ಗ್ರೀಸಿನ ರೈತರು ಈ ಬೆಳೆಯನ್ನು ಎಷ್ಟು ನೆಚ್ಚಿಕೊಂಡಿದ್ದರೆಂದರೆ, 1890ರ ದಶಕದಲ್ಲಿ ಅದರ ಬೆಲೆ ಬಿದ್ದಾಗ ಇಡೀ ದೇಶ ತತ್ತರಿಸಿತು. 1893ರಲ್ಲಿ ಗ್ರೀಸ್ ಸಾಲ ತೀರಿಸಲಾಗದೆ ದಿವಾಳಿಯಾಯಿತು. ಇಂಗ್ಲೆಂಡಿನ ಪುಡಿಂಗ್ ಬಟ್ಟಲಿಗೂ ಅಷ್ಟು ದೂರದ ರೈತನ ಹೊಟ್ಟೆಗೂ ಅಂಥ ನಂಟು.

ಸಕ್ಕರೆಯದು ಇದಕ್ಕಿಂತ ಕರಾಳ ಕಥೆ. ಅದು ಬರುತ್ತಿದ್ದದ್ದು ಕೆರಿಬಿಯನ್ ದ್ವೀಪಗಳ ತೋಟಗಳಿಂದ. 1830ರ ದಶಕದವರೆಗೆ ಅಲ್ಲಿ ಕಬ್ಬು ಕಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಮೊದಲು ಸಿರಿವಂತರ ಸರಕಾಗಿದ್ದ ಸಕ್ಕರೆ ಬಡವರ ಅಡುಗೆಮನೆಗೆ ಇಳಿದದ್ದು ಅವರ ದುಡಿಮೆಯಿಂದ. 1874ರಲ್ಲಿ ಬ್ರಿಟನ್ ಸಕ್ಕರೆಯ ಮೇಲಿನ ಸುಂಕವನ್ನು ಪೂರ್ತಿ ತೆಗೆದ ಮೇಲೆ ಅದು ಇನ್ನೂ ಅಗ್ಗವಾಯಿತು. ಪುಡಿಂಗನ್ನು ಸಂಭ್ರಮದ ಸಂಕೇತ ಅಂತ ಹೊಗಳುವ ಬರಹಗಳು ಈ ಸಾಲನ್ನು ಹಾರಿಸಿಬಿಡುತ್ತವೆ. ಹಾರಿಸಬಾರದು ಅಂತ ನನ್ನ ಅಭಿಪ್ರಾಯ.

ಪುಡಿಂಗಿನ ಸಾಮಾನು ಲೋಕದ ಮೂಲೆಮೂಲೆಯಿಂದ ಬರುತ್ತದೆ ಅಂತ ಇಂಗ್ಲಿಷರಿಗೇ ಗೊತ್ತಿತ್ತು. ಗೊತ್ತಿದ್ದು ಹೆಮ್ಮೆಪಡುತ್ತಿದ್ದರು. 1805ರಲ್ಲಿ ಜೇಮ್ಸ್ ಗಿಲ್ರೇ ಒಂದು ವ್ಯಂಗ್ಯಚಿತ್ರ ಬರೆದ. ಮೇಜಿನ ಮೇಲೆ ಭೂಗೋಳವೇ ಪುಡಿಂಗ್ ಆಗಿ ಕೂತಿದೆ. ಒಂದು ಕಡೆಯಿಂದ ಬ್ರಿಟನ್ನಿನ ಪ್ರಧಾನಿ ಪಿಟ್, ಇನ್ನೊಂದು ಕಡೆಯಿಂದ ನೆಪೋಲಿಯನ್ ಕತ್ತಿ ಹಾಕಿ ತಂತಮ್ಮ ಹೋಳು ಕೊಯ್ಯುತ್ತಿದ್ದಾರೆ. ಅದು ವ್ಯಂಗ್ಯ. 1927ರಲ್ಲಿ ನಡೆದದ್ದು ವ್ಯಂಗ್ಯವಲ್ಲ, ನಿಜ. ಸಾಮ್ರಾಜ್ಯದ ಸರಕನ್ನೇ ಕೊಳ್ಳಿ ಎಂದು ಪ್ರಚಾರ ಮಾಡಲು ಎಂಪೈರ್ ಮಾರ್ಕೆಟಿಂಗ್ ಬೋರ್ಡ್ ಅಂತ ಒಂದು ಸರ್ಕಾರಿ ಸಂಸ್ಥೆ ಇತ್ತು. ಅದು ದೊರೆ ಐದನೇ ಜಾರ್ಜನ ಅಡುಗೆಯವನಿಂದ ಪುಡಿಂಗಿನ ಒಂದು ಪಾಕವಿಧಾನ ಪಡೆದು ಹಂಚಿತು. ಪ್ರತಿ ಸಾಮಾನಿನ ಮುಂದೆ ಅದು ಯಾವ ದೇಶದ್ದಾಗಿರಬೇಕು ಅಂತ ಬರೆದಿತ್ತು. ಸಣ್ಣ ದ್ರಾಕ್ಷಿ ಆಸ್ಟ್ರೇಲಿಯಾದ್ದು, ದೊಡ್ಡ ದ್ರಾಕ್ಷಿ ದಕ್ಷಿಣ ಆಫ್ರಿಕಾದ್ದು, ಸೇಬು ಕೆನಡಾದ್ದು, ಲವಂಗ ಜಂಜಿಬಾರಿನದು, ಬ್ರಾಂಡಿ ಸೈಪ್ರಸ್ಸಿನದು, ರಮ್ ಜಮೈಕಾದ್ದು. ನಮ್ಮ ಪಾಲು? ಮಸಾಲೆ. ಅಷ್ಟು ದೊಡ್ಡ ದೇಶದಿಂದ ಒಂದು ಚಮಚ ಪುಡಿ! ಇನ್ನೂ ಮಜಾ ಏನೆಂದರೆ, ಶತಮಾನಗಳಿಂದ ಈ ಪುಡಿಂಗಿಗೆ ದ್ರಾಕ್ಷಿ ಕಳಿಸಿದ ಗ್ರೀಸಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಗ್ರೀಸ್ ಸಾಮ್ರಾಜ್ಯದೊಳಗೆ ಇರಲಿಲ್ಲವಲ್ಲ.

ಈಗ ಕಟ್ಟುಕಥೆಗಳ ಕಡೆ ಬರೋಣ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎರಡು ಕಥೆ ಎಲ್ಲ ಕಡೆ ಸಿಗುತ್ತವೆ. ಒಂದು, 1664ರಲ್ಲಿ ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಕ್ರೈಸ್ತರು, ಈ ಪುಡಿಂಗನ್ನು ನಿಷೇಧಿಸಿದರು ಅನ್ನುವುದು. ಪ್ಯೂರಿಟನ್ನರ ಕೈಯಲ್ಲಿದ್ದ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ ಆಚರಣೆಯನ್ನೇ ರದ್ದು ಮಾಡಿದ್ದು ನಿಜ. ಆದರೆ 1660ರಲ್ಲಿ ರಾಜ ವಾಪಸ್ ಬಂದ, ಅವರ ಆಟ ಮುಗಿಯಿತು. 1664ರಲ್ಲಿ ಅವರು ಯಾವುದನ್ನು ನಿಷೇಧಿಸುವ ಸ್ಥಿತಿಯಲ್ಲಿದ್ದರು? ಇನ್ನೊಂದು, 1714ರಲ್ಲಿ ಪಟ್ಟಕ್ಕೆ ಬಂದ ಒಂದನೇ ಜಾರ್ಜ್ ದೊರೆ ಮೊದಲ ಹಬ್ಬಕ್ಕೆ ಪುಡಿಂಗ್ ಕೇಳಿ ತರಿಸಿಕೊಂಡ, ಅಲ್ಲಿಂದ ಸಂಪ್ರದಾಯ ಶುರುವಾಯಿತು ಅನ್ನುವುದು. ಆ ಕಾಲದ ದಾಖಲೆ ಯಾವುದೂ ಇದಕ್ಕೆ ಇಲ್ಲ. 20ನೇ ಶತಮಾನದಲ್ಲಿ ಹಬ್ಬಿದ ಕಥೆ ಅದು.

ಹಾಗಾದರೆ ನಿಜವಾದ ಇಸವಿ ಯಾವುದು? ನನ್ನನ್ನು ಕೇಳಿದರೆ 1845. ಎಲಿಜಾ ಆಕ್ಟನ್ ಎಂಬ ಹೆಂಗಸು ಆ ವರ್ಷ ಮನೆಮಂದಿಗಾಗಿ ಒಂದು ಅಡುಗೆ ಪುಸ್ತಕ ಪ್ರಕಟಿಸಿದಳು. ಅದುವರೆಗೆ ಪ್ಲಮ್ ಪುಡಿಂಗ್ ಅನ್ನಿಸಿಕೊಂಡು ವರ್ಷವಿಡೀ ಬೇಯುತ್ತಿದ್ದ ಪದಾರ್ಥಕ್ಕೆ ‘ಕ್ರಿಸ್ಮಸ್ ಪುಡಿಂಗ್’ ಅಂತ ಹೆಸರಿಟ್ಟು ಅಚ್ಚು ಮಾಡಿದ್ದು ಅವಳೇ ಮೊದಲು ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಎರಡು ವರ್ಷ ಮೊದಲಷ್ಟೇ ಡಿಕನ್ಸನ ಕಥೆ ಬಂದಿತ್ತು. ಒಂದು ಕಥೆ, ಒಂದು ಅಡುಗೆ ಪುಸ್ತಕ, ಅಗ್ಗವಾದ ಸಕ್ಕರೆ. ಮುಂದಿನ ಕೆಲವೇ ದಶಕಗಳಲ್ಲಿ ಇದು ‘ಅನಾದಿ ಕಾಲದ ಸಂಪ್ರದಾಯ’ ಆಗಿಬಿಟ್ಟಿತು.

ಆಚರಣೆಗಳೂ ಹೀಗೆಯೇ ಬೆಳೆದವು. ಆಡ್ವೆಂಟ್, ಅಂದರೆ ಕ್ರಿಸ್ಮಸ್ಸಿಗೆ ಸಿದ್ಧವಾಗುವ ವಾರಗಳು, ಶುರುವಾಗುವ ಹಿಂದಿನ ಭಾನುವಾರ, ಅಂದರೆ ನವೆಂಬರ್ 20ರಿಂದ 26ರ ಒಳಗೆ, ಆಂಗ್ಲಿಕನ್ ಚರ್ಚಿನಲ್ಲಿ ಒಂದು ಪ್ರಾರ್ಥನೆ ಓದುತ್ತಾರೆ. ದೇವರೇ, ನಿನ್ನ ಭಕ್ತರ ಮನಸ್ಸನ್ನು ಕಲಕು ಅಂತ ಅದು ಶುರುವಾಗುತ್ತದೆ. ಚರ್ಚಿನಲ್ಲಿ ಕೂತ ಹೆಂಗಸರಿಗೆ ಕಲಕು ಅಂದ ತಕ್ಷಣ ಮನೆಯಲ್ಲಿ ಬಾಕಿ ಇರುವ ಪುಡಿಂಗ್ ನೆನಪಾಯಿತು. ಮಕ್ಕಳು ಆ ಪ್ರಾರ್ಥನೆಯನ್ನೇ ತಿರುಚಿ ಹಾಡು ಕಟ್ಟಿದರು. ಆ ಭಾನುವಾರಕ್ಕೆ ‘ಸ್ಟರ್ ಅಪ್ ಸಂಡೇ’ ಅಂತಲೇ ಹೆಸರಾಯಿತು. ಮನೆಮಂದಿಯೆಲ್ಲ ಸರದಿಯಲ್ಲಿ ಸೌಟು ಹಿಡಿದು, ಪೂರ್ವದಿಂದ ಪಶ್ಚಿಮಕ್ಕೆ ತಿರುವಿ, ಮನಸ್ಸಿನಲ್ಲೇ ಒಂದು ಬೇಡಿಕೆ ಇಟ್ಟುಕೊಳ್ಳುತ್ತಾರೆ. ಪೂರ್ವ ದಿಕ್ಕು ಮಗು ಯೇಸುವನ್ನು ನೋಡಲು ಮೂವರು ಜ್ಞಾನಿಗಳು ಬಂದ ದಿಕ್ಕು ಅನ್ನುತ್ತಾರೆ. ಸಾಮಾನು ಹದಿಮೂರು ಇರಬೇಕು, ಯೇಸುವಿಗೂ ಹನ್ನೆರಡು ಶಿಷ್ಯರಿಗೂ ಒಂದೊಂದು ಅಂತಲೂ ಹೇಳುತ್ತಾರೆ. ನಾನು ನೋಡಿದ ಪಾಕವಿಧಾನಗಳಲ್ಲಿ ಹದಿಮೂರಕ್ಕೆ ನಿಲ್ಲುವಂಥದ್ದು ಅಪರೂಪ.

ಒಳಗೆ ಒಂದು ಬೆಳ್ಳಿ ನಾಣ್ಯ ಹಾಕುವ ಪದ್ಧತಿಯೂ ಇದೆ. ಯಾರ ಹೋಳಿನಲ್ಲಿ ಸಿಗುತ್ತದೋ ಅವರಿಗೆ ಆ ವರ್ಷ ಅದೃಷ್ಟ, ಹಲ್ಲು ಮುರಿಯದಿದ್ದರೆ. ಮೂರು ಪೆನ್ಸ್ ಇಲ್ಲವೇ ಆರು ಪೆನ್ಸ್ ನಾಣ್ಯ ಹಾಕುತ್ತಿದ್ದರು. 1920ರಲ್ಲಿ ಆ ನಾಣ್ಯಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರಿಂದ ಆರು ಪೆನ್ಸ್ ನಾಣ್ಯದಲ್ಲಿ ಬೆಳ್ಳಿಯೇ ಹೋಗಿ ತಾಮ್ರ ನಿಕ್ಕಲ್ ಬಂತು. ಹಾಗಾಗಿ ಮನೆಗಳಲ್ಲಿ ಹಳೆಯ ಬೆಳ್ಳಿ ನಾಣ್ಯವನ್ನೇ ಎತ್ತಿಟ್ಟು ವರ್ಷ ವರ್ಷ ಅದನ್ನೇ ಕುದಿಸಿ ಬಳಸತೊಡಗಿದರು. ಆರು ಪೆನ್ಸ್ ನಾಣ್ಯದ ಚಲಾವಣೆ 1980ಕ್ಕೆ ನಿಂತಿತು. ಆದರೂ ಹಬ್ಬಕ್ಕೆಂದೇ ಅದನ್ನು ಮಾರುವವರು ಇವತ್ತಿಗೂ ಇದ್ದಾರೆ.

ಇಲ್ಲೊಂದು ಕಥೆ ಹೇಳದೆ ಮುಂದೆ ಹೋಗಲಾರೆ. 1902ರ ಕ್ರಿಸ್ಮಸ್. ಅಂಟಾರ್ಕ್ಟಿಕದ ಹಿಮದ ಬಯಲು. ಸ್ಕಾಟ್, ವಿಲ್ಸನ್, ಶ್ಯಾಕಲ್ಟನ್ ಎಂಬ ಬ್ರಿಟಿಷ್ ಅನ್ವೇಷಕರು ಮೂವರೇ ದಕ್ಷಿಣಕ್ಕೆ ಜಾರುಬಂಡಿ ಎಳೆಯುತ್ತಾ ಹೊರಟಿದ್ದಾರೆ. ಊಟ ಅಳತೆಯಲ್ಲಿ, ಹಸಿವು ಅಳತೆ ಮೀರಿ. ಆ ದಿನ ಸ್ವಲ್ಪ ಹೆಚ್ಚೇ ಉಂಡರು. ಊಟ ಮುಗಿಯುವ ಹೊತ್ತಿಗೆ ಶ್ಯಾಕಲ್ಟನ್ ತನ್ನ ಸಾಮಾನಿನೊಳಗೆ ಕೈ ಹಾಕಿ ಒಂದು ಕಾಲುಚೀಲ ತೆಗೆದ. ಅದರೊಳಗಿಂದ ಕ್ರಿಕೆಟ್ ಚೆಂಡಿನಷ್ಟು ದೊಡ್ಡ ಒಂದು ಪ್ಲಮ್ ಪುಡಿಂಗ್ ಬಂತು. ಜೊತೆಗೆ ಅದರ ನೆತ್ತಿಗೆ ಸಿಕ್ಕಿಸಲು ಕೃತಕ ಹಾಲಿಯ ಒಂದು ತುಣುಕು. ಒಂದೊಂದು ಗ್ರಾಮು ತೂಕಕ್ಕೂ ಲೆಕ್ಕ ಹಾಕುವ ಪ್ರಯಾಣದಲ್ಲಿ ವಾರಗಟ್ಟಲೆ ಅದನ್ನು ಬಚ್ಚಿಟ್ಟು ಎಳೆದುಕೊಂಡು ಬಂದಿದ್ದ. ಒಮ್ಮೆ ಬೇಯಿಸಿದರೆ ಸಾಕು, ಕೆಡುವುದಿಲ್ಲ, ಒಡೆಯುವುದಿಲ್ಲ, ಒಂದಿಷ್ಟು ಬಿಸಿ ಮಾಡಿದರೆ ಹಬ್ಬ. ಇಂಥ ಕಡೆ ಕೇಕ್ ಕೂಡ ಪುಡಿಪುಡಿಯಾಗುತ್ತಿತ್ತು.

ಬೆಂಕಿ ಹಚ್ಚುವ ವಿಷಯ ಕೇಳುತ್ತೀರಿ ಅಂತ ಗೊತ್ತು. ಬಾಟಲಿಯಿಂದ ತಣ್ಣಗಿನ ಬ್ರಾಂಡಿ ಸುರಿದು ಕಡ್ಡಿ ಗೀರಿದರೆ ಹತ್ತುವುದಿಲ್ಲ. ಶೇಕಡಾ 40 ಆಲ್ಕೋಹಾಲ್ ಇರುವ ಬ್ರಾಂಡಿಯಿಂದ ಉರಿಯುವಷ್ಟು ಆವಿ ಏಳಬೇಕಾದರೆ ಅದು ಸುಮಾರು 26 ಡಿಗ್ರಿಯಾದರೂ ಬಿಸಿ ಇರಬೇಕು. ಇಂಗ್ಲೆಂಡಿನ ಡಿಸೆಂಬರಿನಲ್ಲಿ ಯಾವ ಕೋಣೆ ಅಷ್ಟು ಬೆಚ್ಚಗಿರುತ್ತದೆ? ಹಾಗಾಗಿ ಸೌಟಿನಲ್ಲಿ ಉಗುರು ಬೆಚ್ಚಗೆ ಮಾಡಿ, ಹಚ್ಚಿ, ಉರಿಯುತ್ತಿರುವಾಗಲೇ ಸುರಿಯುತ್ತಾರೆ. ಕುದಿಸಬಾರದು, ಆಲ್ಕೋಹಾಲ್ ಹಾರಿಹೋಗುತ್ತದೆ. ಜ್ವಾಲೆ ತಿಳಿನೀಲಿ. ದೀಪ ಆರಿಸದಿದ್ದರೆ ಕಾಣುವುದೇ ಇಲ್ಲ. ಪರದೆ, ಸೀರೆಯ ಸೆರಗು ದೂರ ಇರಲಿ.

ನಮ್ಮ ಕಡೆ ಇದು ಬಂತೇ? ಬಂತು, ಆದರೆ ಎಲ್ಲರ ಮನೆಗೂ ಅಲ್ಲ. ಮಂಗಳೂರಿನ ಕ್ಯಾಥೊಲಿಕರ ಮನೆಯ ಕುಸ್ವಾರ್ ತಟ್ಟೆ, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ನೋಡಿ. ನೆವ್ರಿ, ಕಿಡಿಯೊ, ರೋಸ್ ಕುಕ್ಕಿ ಇರುತ್ತವೆ. ಈ ಪುಡಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಅವರ ಹಬ್ಬದ ಬೇರು ಪೋರ್ಚುಗೀಸರ ಗೋವಾದ ಕಡೆಯದು. ಪುಡಿಂಗ್ ಬಂದದ್ದು ಇಂಗ್ಲಿಷರ ಜೊತೆ, ಬೆಂಗಳೂರು ದಂಡು ಪ್ರದೇಶಕ್ಕೆ, ಕೋಲಾರದ ಚಿನ್ನದ ಗಣಿಗೆ, 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಎದ್ದ ವೈಟ್‌ಫೀಲ್ಡಿಗೆ. ಇವತ್ತು ಐಟಿ ಕಂಪನಿಗಳ ವೈಟ್‌ಫೀಲ್ಡ್ ಅಂತ ನಾವು ಹೇಳುವ ಜಾಗವೇ ಅದು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಬ್ರಾಂಡಿಯ ಜಾಗಕ್ಕೆ ರಮ್ ಬಂತು. ಕೇಕಿನ ಹಿಟ್ಟನ್ನು ಮನೆಯಲ್ಲಿ ಕಲಸಿ ಹತ್ತಿರದ ಬೇಕರಿಯ ಸೌದೆ ಒಲೆಗೆ ಕೊಟ್ಟು ಬೇಯಿಸಿಕೊಂಡು ಬರುತ್ತಿದ್ದರು. ಡಿಕನ್ಸನ ಬಾತುಕೋಳಿ ನೆನಪಾಯಿತಲ್ಲ? ಪುಡಿಂಗಿಗೆ ಬೇಕರಿಯ ಹಂಗು ಇರಲಿಲ್ಲ. ಮುಚ್ಚಳ ಇರುವ ಪಾತ್ರೆ ಸಾಕು.

ಹಾಗಾಗಿ ಓವನ್ ಇಲ್ಲದ ನಿಮ್ಮಲ್ಲಿ ಯಾರಿಗಾದರೂ ಮಾಡುವ ಮನಸ್ಸಿದ್ದರೆ ಧಾರಾಳವಾಗಿ ಮಾಡಿ. ಅರ್ಧ ಲೀಟರಿಗಿಂತ ಸ್ವಲ್ಪ ದೊಡ್ಡ ಸ್ಟೀಲ್ ಬಟ್ಟಲಿಗೆ ಆಗುವಷ್ಟು ಹೇಳುತ್ತೇನೆ. ಕಪ್ಪು ಮತ್ತು ಹಳದಿ ಒಣದ್ರಾಕ್ಷಿ ಸೇರಿ 250 ಗ್ರಾಂ, ಹಿಂದಿನ ರಾತ್ರಿ 75 ಮಿಲಿ ಕಿತ್ತಳೆ ರಸದಲ್ಲೋ ರಮ್ಮಿನಲ್ಲೋ ನೆನೆಸಿ. ಬ್ರೆಡ್ಡಿನ ಪುಡಿ 55 ಗ್ರಾಂ, ಮೈದಾ 25 ಗ್ರಾಂ, ಕಂದು ಸಕ್ಕರೆ 110 ಗ್ರಾಂ, ಫ್ರೀಜರಿನಲ್ಲಿಟ್ಟು ತುರಿದ ಬೆಣ್ಣೆ 55 ಗ್ರಾಂ, ಒಂದು ಮೊಟ್ಟೆ. ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ ಸೇರಿ ಒಂದು ಚಮಚ ಪುಡಿ, ಕಿತ್ತಳೆ ಸಿಪ್ಪೆಯ ತುರಿ. ಬಟ್ಟಲಿಗೆ ಬೆಣ್ಣೆ ಸವರಿ ತುಂಬಿ, ಮೇಲೆ ಬೆಣ್ಣೆಕಾಗದ, ಅದರ ಮೇಲೆ ಫಾಯಿಲ್. ನಡುವೆ ಒಂದು ಮಡಿಕೆ ಬಿಟ್ಟು ದಾರ ಕಟ್ಟಿ, ಉಬ್ಬಲು ಜಾಗ ಬೇಕು. ಇಡ್ಲಿ ಪಾತ್ರೆಯಲ್ಲಿ ಆರು ಗಂಟೆ ಹಬೆ. ಅರ್ಧ ಗಂಟೆಗೊಮ್ಮೆ ನೀರು ನೋಡಿ. ಗ್ಯಾಸ್ ಉಳಿಸಬೇಕು ಅನ್ನುವವರು ಮೊದಲ ಕಾಲು ಗಂಟೆ ವೆಯಿಟ್ ಇಲ್ಲದೆ ಕುಕ್ಕರಿನಲ್ಲಿ ಇಟ್ಟು, ಆಮೇಲೆ ವೆಯಿಟ್ ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಇಡಬಹುದು. ಕುಕ್ಕರಿನೊಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುವುದರಿಂದ ಬಣ್ಣವೂ ಬೇಗ ಬರುತ್ತದೆ. ನಡುವೆ ತೆಗೆದು ನೀರು ಇದೆಯಾ ನೋಡುವುದು ಮಾತ್ರ ಮರೆಯಬೇಡಿ. ಮತ್ತೆ, ನಮ್ಮ ಹವೆಯಲ್ಲಿ ತಿಂಗಳುಗಟ್ಟಲೆ ಹೊರಗೆ ಇಡುವ ಸಾಹಸ ಬೇಡ. ಫ್ರಿಜ್ಜಿನಲ್ಲಿಡಿ.

ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲಿ ಬ್ರಿಟನ್ನಿನವರು ಹಣ್ಣು, ಸಕ್ಕರೆ ಸಾಲದೆ ಕ್ಯಾರೆಟ್ ತುರಿ ಹಾಕಿಯೂ ಇದನ್ನು ಮಾಡಿದ್ದಾರೆ. ಆದ್ದರಿಂದ ಒಂದೆರಡು ಸಾಮಾನು ಇಲ್ಲ ಅಂತ ಕೈಬಿಡಬೇಡಿ. ಇವತ್ತು ಅಲ್ಲಿ ಹೆಚ್ಚಿನವರು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬಂದ ಪುಡಿಂಗ್ ಕೊಂಡು ಮೈಕ್ರೋವೇವಿನಲ್ಲಿ ಕೆಲವೇ ನಿಮಿಷಕ್ಕೆ ಬಿಸಿ ಮಾಡುತ್ತಾರೆ. ನಾಣ್ಯ ಹಾಕಿದ್ದರೆ ಅದಕ್ಕೂ ಕಲ್ಲು ಬಿತ್ತು. ಲೋಹ ಮೈಕ್ರೋವೇವಿಗೆ ಆಗದು. ಎಷ್ಟೋ ಮನೆಗಳಲ್ಲಿ ಮಕ್ಕಳು ಇದನ್ನು ಮುಟ್ಟುವುದಿಲ್ಲ, ಚಾಕೊಲೇಟ್ ಕೇಳುತ್ತಾರೆ. ಹೊಟ್ಟೆ ಬಿರಿಯ ತಿಂದ ಮೇಲೆ ಇಂಥ ಭಾರದ ಸಿಹಿ ಯಾರಿಗೆ ಬೇಕು ಹೇಳಿ. ಅದಕ್ಕೇ ಹಬ್ಬದ ದಿನ ಅರ್ಧ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಹೋಳು ಮಾಡಿ, ಕಾವಲಿಯ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಗರಿಗರಿ ಆಗುವ ತನಕ ಹುರಿಯುತ್ತಾರೆ. ಬೆಂಕಿ, ಹಾಲಿ, ನಾಣ್ಯ ಏನೂ ಇಲ್ಲ. ನನಗಂತೂ ಅದೇ ಜಾಸ್ತಿ ಇಷ್ಟ.